ವೆಜಿಟಾನ ಗರ್ವಕ್ಕೆ ಮರುಳಾದವರೊಂದಿಗೆ ಒಂದು ಜಗಳ

ಎದೆಯ ಮೇಲೆ ಕೈಕಟ್ಟಿ, ಗುಂಪಿಗೆ ಬೆನ್ನು ಹಾಕಿ ನಿಂತ ವೆಜಿಟಾನ ಚಿತ್ರ ಟೀ ಶರ್ಟ್‌ಗಳ ಮೇಲೆ, ವಾಟ್ಸಾಪ್ ಸ್ಟೇಟಸ್‌ಗಳಲ್ಲಿ ಸುತ್ತುತ್ತಲೇ ಇರುತ್ತದೆ. ರಾಜಕುಮಾರ ಯಾರಿಗೂ ತಲೆಬಾಗುವುದಿಲ್ಲ ಎಂಬ ಅರ್ಥದ ಸಾಲೊಂದು ಜೊತೆಗೆ. ನೋಡಿದಾಗಲೆಲ್ಲ ನನಗೆ ರೇಗುತ್ತದೆ. ‘ಡ್ರ್ಯಾಗನ್ ಬಾಲ್ ಝಡ್’ ನೋಡಿದವರು ಹೀಗೆ ಬರೆಯುವುದಾದರೂ ಹೇಗೆ? ವೆಜಿಟಾ ಚಿಕ್ಕಂದಿನಿಂದ ತಲೆಬಾಗಿಯೇ ಬೆಳೆದವನು. ಅವನ ಸೊಕ್ಕಿನ ಬೇರು ಇರುವುದೇ ಅಲ್ಲಿ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಅಕಿರಾ ತೊರಿಯಾಮ ಅವರ ಚಿತ್ರಕಥೆ 1984ರಿಂದ 1995ರವರೆಗೆ ಜಪಾನಿನ ವಾರಪತ್ರಿಕೆಯಲ್ಲಿ ಬಂತು. ಅದರ ಉತ್ತರಾರ್ಧವೇ 1989ರಿಂದ 1996ರವರೆಗೆ 291 ಕಂತುಗಳ ಅನಿಮೇಷನ್ ಧಾರಾವಾಹಿಯಾಯಿತು. ನಮ್ಮಲ್ಲಿ ಅನೇಕರು ಅದನ್ನು ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ನೋಡಿ, ಶಾಲೆಯಲ್ಲಿ ಕನ್ನಡದಲ್ಲಿ ಜಗಳವಾಡಿದವರು. ನಾಯಕ ಗೋಕು. ಅವನ ಎದುರಾಳಿ ವೆಜಿಟಾ, ಸೈಯನ್ ಎಂಬ ಯೋಧ ಕುಲದ ರಾಜಕುಮಾರ. ಗೋಕುವೂ ಅದೇ ಕುಲದವನು.

ಎಂಥ ರಾಜಕುಮಾರ? ರಾಜ್ಯವಿಲ್ಲ, ಪ್ರಜೆಗಳಿಲ್ಲ, ಗ್ರಹವೇ ಇಲ್ಲ. ಫ್ರೀಜಾ ಎಂಬ ಸರ್ವಾಧಿಕಾರಿಯ ಆಳಾಗಿ ಊರೂರು ಕೊಳ್ಳೆ ಹೊಡೆಯುವುದು ಅವನ ಉದ್ಯೋಗ. ಉಲ್ಕೆ ಬಿದ್ದು ನಾಶವಾಯಿತೆಂದು ಅವನು ನಂಬಿದ್ದ ತನ್ನ ಗ್ರಹವನ್ನು ಸುಟ್ಟವನು ಅದೇ ಧಣಿ. ಆ ಸತ್ಯ ನಮೆಕ್ ಗ್ರಹದಲ್ಲಿ ಫ್ರೀಜಾನ ಬಂಟ ಡೊಡೊರಿಯಾನ ಬಾಯಿಂದ ಹೊರಬೀಳುತ್ತದೆ, ಅದೂ ಅವನು ಜೀವ ಉಳಿಸಿಕೊಳ್ಳಲು ಆಡಿದ ಮಾತಾಗಿ. ಅಂದರೆ ‘ನಾನು ರಾಜಕುಮಾರ’ ಎಂದು ವೆಜಿಟಾ ಕೂಗುವಾಗಲೆಲ್ಲ ಅವನ ಕೈಯಲ್ಲಿ ಆ ಬಿರುದೊಂದನ್ನು ಬಿಟ್ಟು ಬೇರೇನೂ ಉಳಿದಿಲ್ಲ. ನಿಜವಾದ ಅಧಿಕಾರ ಇದ್ದವರು ಅಷ್ಟು ಸಲ ಕೂಗಿ ಹೇಳುವುದಿಲ್ಲ.

ಹಾಗೆಂದು ಅವನ ಮೇಲೆ ಕನಿಕರ ಸುರಿಯಲು ನಾನು ಸಿದ್ಧನಿಲ್ಲ. ಭೂಮಿಗೆ ಬಂದಾಗ ಜೊತೆಗಿದ್ದ ನಪ್ಪಾ ಸೋತು, ನೆಲದಲ್ಲಿ ಬಿದ್ದು, ಎಬ್ಬಿಸು ಎಂದು ಕೈಚಾಚುತ್ತಾನೆ. ವೆಜಿಟಾ ಆ ಕೈಯನ್ನು ಹಿಡಿಯುತ್ತಾನೆ, ಮೇಲಕ್ಕೆಸೆದು ಸುಟ್ಟುಬಿಡುತ್ತಾನೆ. ನಮೆಕ್‌ನಲ್ಲಿ ಒಂದು ಹಳ್ಳಿಗೆ ಹಳ್ಳಿಯನ್ನೇ ಕೊಂದು ಮುಂದೆ ನಡೆಯುತ್ತಾನೆ. ಇವುಗಳನ್ನು ‘ಆಗಿನ ವೆಜಿಟಾ’ ಎಂದು ಬದಿಗಿಟ್ಟು ಮೀಸೆ ತಿರುವುವ ಅಭಿಮಾನಿಗಳ ಜಾಣಮರೆವು ನನಗೆ ಸಹಿಸದು. ಬದಲಾದ ಮೇಲೂ ಸೆಲ್ ಎಂಬ ದೈತ್ಯನನ್ನು ಮುಗಿಸುವ ಅವಕಾಶ ಕೈಯಲ್ಲಿದ್ದಾಗ, ಪೂರ್ಣ ಶಕ್ತಿ ಬಂದ ಮೇಲೆ ಹೊಡೆದರೆ ತನಗೆ ಹೆಚ್ಚು ಗೌರವ ಎಂದುಕೊಂಡು ದಾರಿ ಬಿಟ್ಟುಕೊಟ್ಟವನು ಇವನೇ. ತಡೆಯಲು ಹೋದ ಸ್ವಂತ ಮಗ, ಭವಿಷ್ಯದಿಂದ ಬಂದಿದ್ದ ಟ್ರಂಕ್ಸ್‌ನಿಗೂ ಬಾರಿಸಿದ. ಆಮೇಲೆ ಆ ಪೂರ್ಣ ರೂಪದ ಸೆಲ್ ಇವನನ್ನು ಬಡಿದು ಮಲಗಿಸಿದ್ದು ಬೇರೆ ಮಾತು. ಅದನ್ನು ನೋಡುವಾಗ ನನಗೆ ಸ್ವಲ್ಪವೂ ಬೇಸರವಾಗಲಿಲ್ಲ.

ಅವನನ್ನು ಕಥೆಯೊಳಗೆ ಸರಿಯಾಗಿ ಓದಿದವನು ಒಬ್ಬನೇ, ಗೋಕು. ಫ್ರೀಜಾನ ಕೈಯಲ್ಲಿ ಸಾಯುವಾಗ ವೆಜಿಟಾ ಅಳುತ್ತಾನೆ. ಗರ್ವಿಷ್ಠ ಅಳುವುದು ಮಾತ್ರವಲ್ಲ, ತಾನು ಅತಿಯಾಗಿ ದ್ವೇಷಿಸುವ ಗೋಕುವಿನ ಮುಂದೆಯೇ ಬೇಡಿಕೊಳ್ಳುತ್ತಾನೆ: ನಾವು ಫ್ರೀಜಾನ ಕೈಕಾಲುಗಳಂತೆ ದುಡಿದೆವು, ಆದರೂ ಎಲ್ಲರನ್ನೂ ಕೊಂದ, ಒಬ್ಬ ಸೈಯನ್‌ನ ಕೈಯಿಂದಲೇ ಅವನು ಸಾಯಬೇಕು ಎಂದು. ಅವನನ್ನು ಮಣ್ಣು ಮಾಡುತ್ತ ಗೋಕು ಹೇಳುವುದರ ಸಾರ ಇಷ್ಟು: ನೀನು ಅತ್ತದ್ದು ಕುಲ ನಾಶವಾಯಿತೆಂದಲ್ಲ, ಅವನು ನಿನ್ನನ್ನು ತನಗೆ ಬೇಕಾದ ಹಾಗೆ ಕುಣಿಸಿದನೆಂದು. ನೀನು ನನಗೆ ಇಷ್ಟವಿರಲಿಲ್ಲ, ಆದರೆ ನಿನ್ನ ಆ ಅಭಿಮಾನದಲ್ಲಿ ಸ್ವಲ್ಪ ನನಗೂ ಕೊಡು. ಇಡೀ ಧಾರಾವಾಹಿಯಲ್ಲಿ ವೆಜಿಟಾನ ಬಗ್ಗೆ ಇದಕ್ಕಿಂತ ನಿಖರವಾದ ಮಾತು ಇನ್ನೊಂದಿಲ್ಲ. ಅದು ಬರುವುದು ಅವನು ಕೇಳಿಸಿಕೊಳ್ಳಲಾಗದ ಹೊತ್ತಿನಲ್ಲಿ.

ಈಗ ಆ ಟೀ ಶರ್ಟ್‌ಗಳಿಗೆ ಬರುತ್ತೇನೆ. ಹೆಚ್ಚು ಕಾಣುವ ಚಿತ್ರಗಳಲ್ಲೊಂದು ಹಣೆಯ ಮೇಲೆ ‘ಎಂ’ ಅಕ್ಷರ ಹೊತ್ತ ವೆಜಿಟಾನದು. ಧರಿಸುವವರಿಗೆ ಅದು ಅಧಿಕ ಶಕ್ತಿಯ ಗುರುತು. ನಿಜಕ್ಕೂ ಅದು ಬಾಬಿಡಿ ಎಂಬ ಮಾಂತ್ರಿಕನ ದಾಸರಿಗೆ ಬೀಳುವ ಮುದ್ರೆ! ಯಾರದೋ ಕೈಗೊಂಬೆಯಾಗಿದ್ದೆನೆಂದು ಅತ್ತು ಸತ್ತವನು, ಮರಳಿ ಬದುಕಿ ಬಂದು, ಹೆಂಡತಿ ಮಕ್ಕಳೊಂದಿಗೆ ನೆಮ್ಮದಿಯಾಗಿರುವಾಗ ತಾನಾಗಿಯೇ ಇನ್ನೊಬ್ಬ ಧಣಿಯ ಮುದ್ರೆ ಹಾಕಿಸಿಕೊಳ್ಳುತ್ತಾನೆ. ಗೋಕು ತನ್ನೊಡನೆ ಹೋರಾಡಲೇಬೇಕೆಂದು ಕುಸ್ತಿ ನೋಡಲು ಬಂದಿದ್ದ ಜನರನ್ನು ಕೊಲ್ಲುತ್ತಾನೆ. ಕಾರಣವನ್ನು ಅವನೇ ಹೇಳುತ್ತಾನೆ: ಸಂಸಾರ ಹಿತವಾಗತೊಡಗಿತ್ತು, ಈ ಭೂಮಿಯೂ ಹಿಡಿಸತೊಡಗಿತ್ತು, ಅದಕ್ಕೇ ಹಳೆಯ ಕ್ರೂರಿಯಾಗಲು ಈ ಮಾಟ ಬೇಕಾಯಿತು, ಈಗ ಹಾಯೆನಿಸುತ್ತಿದೆ. ಗೋಕು ಕೇಳುವುದು ಒಂದೇ ಪ್ರಶ್ನೆ. ನಿಜವಾಗಿಯೂ ಹಾಗೆಯೇ?

ಈ ಭಾಗವನ್ನು ನಾನು ಎಷ್ಟು ಸಲ ನೋಡಿದರೂ ದಣಿಯುವುದಿಲ್ಲ. ಗೋಕುವಿಗಿಂತ ಹಿಂದೆ ಬಿದ್ದ ಹೊಟ್ಟೆಯುರಿ ಅಲ್ಲಿ ಇದ್ದೇ ಇದೆ. ಆದರೆ ಅದಕ್ಕಿಂತ ಅವನನ್ನು ಹೆದರಿಸಿದ್ದು ಸುಖ. ಅವಮಾನದಲ್ಲಿ ಬೆಳೆದವನಿಗೆ ತಾನು ಯಾರೆಂದು ನೆನಪಿಸುತ್ತಿದ್ದುದು ಆ ಉರಿಯೊಂದೇ. ಅದು ಆರಿಹೋದರೆ ಉಳಿಯುವವನು ಯಾರು ಎಂಬುದು ಅವನಿಗೆ ತಿಳಿಯದು. ಬಾಬಿಡಿಯ ಆಜ್ಞೆಯನ್ನು ಧಿಕ್ಕರಿಸಿ, ಮನಸ್ಸನ್ನು ಆಳಿದರೂ ನನ್ನ ಅಭಿಮಾನವನ್ನು ನೀನು ಆಳಲಾರೆ ಎಂದು ಅವನು ಅಬ್ಬರಿಸುವುದು ನಿಜ. ಆದರೆ ಮುದ್ರೆ ಹಾಕಿಸಿಕೊಂಡವನೂ ಅವನೇ ತಾನೇ!

ನಂತರ ಬೂ ಎಂಬ ರಾಕ್ಷಸನ ಎದುರು ತನ್ನನ್ನೇ ಸ್ಫೋಟಿಸಿಕೊಂಡು ಸಾಯುತ್ತಾನೆ. ಅದಕ್ಕೆ ಮುನ್ನ ಮೊದಲ ಬಾರಿ ಪುಟ್ಟ ಟ್ರಂಕ್ಸ್‌ನನ್ನು ಅಪ್ಪಿಕೊಳ್ಳುತ್ತಾನೆ. ಪರಲೋಕದಲ್ಲಿ ಕಾಕರಾಟ್‌ನನ್ನು, ಅಂದರೆ ಗೋಕುವನ್ನು, ಕಾಣಬಹುದೇ ಎಂದು ಗೋಕುವಿನ ಸಂಗಾತಿ ಪಿಕೊಲೊನನ್ನು ಕೇಳುತ್ತಾನೆ. ಪಿಕೊಲೊ ಸುಳ್ಳು ಸಮಾಧಾನ ಹೇಳುವುದಿಲ್ಲ. ಆಗದು, ನೀನು ಬಹಳ ಅಮಾಯಕರನ್ನು ಕೊಂದಿದ್ದೀಯ ಎನ್ನುತ್ತಾನೆ. ವೆಜಿಟಾ ವಾದಿಸುವುದೂ ಇಲ್ಲ. ತೊರಿಯಾಮ ಇಲ್ಲಿ ಅವನಿಗೆ ಕ್ಷಮೆ ದಯಪಾಲಿಸದಿದ್ದುದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ.

ಅವನು ಮತ್ತೆ ಬದುಕಿ ಬಂದ ಮೇಲಿನ ಕಥೆಯಾದ ‘ಬ್ಯಾಟಲ್ ಆಫ್ ಗಾಡ್ಸ್’ ಚಲನಚಿತ್ರದಲ್ಲಿ ವೆಜಿಟಾ ವಿನಾಶದ ದೇವತೆ ಬೀರಸ್‌ನ ಕೋಪ ತಣಿಸಲು ಹಾಡಿ ಕುಣಿದದ್ದಕ್ಕೆ ಅಭಿಮಾನಿಗಳು ಕೆಂಡವಾದರು. ಮರ್ಯಾದೆ ಹೋಯಿತಂತೆ! ಅದೇ ಬೀರಸ್ ತನ್ನ ತಂದೆಯ ತಲೆಯನ್ನು ಕಾಲಡಿ ಒತ್ತಿದ್ದನ್ನು ಬಾಲಕ ವೆಜಿಟಾ ಕಣ್ಣಾರೆ ಕಂಡಿದ್ದ. ಅಂಥ ಧಣಿಗಳ ಮುಂದೆ ಏನು ಮಾಡಿದರೆ ಮನೆಯವರ ಜೀವ ಉಳಿಯುತ್ತದೆ ಎಂಬುದು ಅವನಿಗಲ್ಲದೆ ಗೋಕುವಿಗೆ ಗೊತ್ತೇ? ಬೀರಸ್ ಹೆಂಡತಿ ಬುಲ್ಮಾಳ ಕೆನ್ನೆಗೆ ಹೊಡೆದ ಕ್ಷಣ ಅದೇ ವೆಜಿಟಾ ನನ್ನ ಬುಲ್ಮಾಳಿಗೇ ಎಂದು ಗರ್ಜಿಸಿ ಮೇಲೆ ಬೀಳುತ್ತಾನೆ. ನನಗೆ ಆ ಕುಣಿತವೂ ಈ ಗರ್ಜನೆಯೂ ಒಂದೇ ಮನುಷ್ಯನದು.

ಇನ್ನು ಧಾರಾವಾಹಿಯ ಆ ಪ್ರಸಿದ್ಧ ಸ್ವಗತ. ಬೂ ಜೊತೆಗಿನ ಕೊನೆಯ ಕಾಳಗದಲ್ಲಿ ಗೋಕುವನ್ನು ದೂರದಿಂದ ನೋಡುತ್ತ ವೆಜಿಟಾ ‘ನೀನೇ ನಂಬರ್ ಒನ್’ ಎಂದುಕೊಳ್ಳುತ್ತಾನೆ. ಗರ್ವ ಕರಗಿತು ಎಂದು ಎಲ್ಲರೂ ಬರೆದದ್ದೇ ಬರೆದದ್ದು. ಎಲ್ಲಿ ಕರಗಿತು? ಅದನ್ನು ಹೇಳಿಕೊಂಡದ್ದು ಮನಸ್ಸಿನಲ್ಲಿ, ಗೋಕುವಿನ ಕಿವಿಗೆ ಬೀಳದಂತೆ. ಇಷ್ಟು ಮೃದು ಮನಸ್ಸಿನ ಸೈಯನ್ ಒಬ್ಬನಿದ್ದಾನಲ್ಲ ಎಂಬ ಸಿಡಿಮಿಡಿಯೂ ಅದರೊಳಗೇ ಇದೆ. ಸ್ವಲ್ಪ ಹೊತ್ತಿಗೇ ಗೆಲ್ಲುವ ಉಪಾಯ ಹೂಡುವವನು ಇವನೇ: ಭೂಮಿಯ ಜನರನ್ನೆಲ್ಲ ಬದುಕಿಸಿ, ಅವರೆಲ್ಲರ ಶಕ್ತಿಯನ್ನು ಒಟ್ಟುಗೂಡಿಸಿ ಬೂನ ಮೇಲೆ ಎಸೆಯುವುದು. ಅತಿ ದುಷ್ಟರನ್ನು ಬಿಟ್ಟು ಉಳಿದವರನ್ನು ಬದುಕಿಸು ಎಂದು ವರ ಕೊಡುವ ಡ್ರ್ಯಾಗನ್‌ನನ್ನು ಬೇಡಿದಾಗ ವೆಜಿಟಾನ ತಲೆಯ ಮೇಲಿನ ಸತ್ತವರ ಬಳೆಯೂ ಮಾಯವಾಗುತ್ತದೆ. ಪಿಕೊಲೊನ ತೀರ್ಪು ಒಂದು, ಡ್ರ್ಯಾಗನ್‌ನ ಲೆಕ್ಕ ಇನ್ನೊಂದು. ಆಮೇಲೆ ಇಡೀ ಭೂಮಿಯ ಜನರಿಗೆ ಕೈ ಎತ್ತಿ ಶಕ್ತಿ ಕೊಡಿ ಎಂದು ವೆಜಿಟಾ ಹೇಳಬೇಕಾಗುತ್ತದೆ. ಜಗತ್ತು ಉಳಿಯುವುದೋ ಬಿಡುವುದೋ ಎಂಬ ಆ ಗಳಿಗೆಯಲ್ಲೂ ಅವನ ಬಾಯಿಂದ ಬೇಡಿಕೆ ಹೊರಡುವುದಿಲ್ಲ, ಅಪ್ಪಣೆಯೇ ಹೊರಡುತ್ತದೆ. ಜನ ಕೇಳುವುದಿಲ್ಲ. ಕೊನೆಗೆ ಮಿಸ್ಟರ್ ಸೇಟನ್ ಎಂಬ ಬಡಾಯಿಕೋರ ಮೈಕಾಸುರನಂತೆ ಕೂಗಿದ ಮೇಲೆಯೇ ಊರೂರಿನಲ್ಲಿ ಕೈಗಳು ಮೇಲೇಳುತ್ತವೆ.