ಗುಂಡಿ ಉಳಿಸಿ, ಪ್ರವಾಸೋದ್ಯಮ ಬೆಳೆಸಿ

ನಮ್ಮೂರಿನ ಮಣ್ಣಿನ ರಸ್ತೆಗೆ ಕಡೆಗೂ ಬೆಲೆ ಬಂದಿದೆ. ಡಾಂಬರು ಬಂದಿಲ್ಲ, ಬೆಲೆ ಬಂದಿದೆ. ಮೂಡಿಗೆರೆ ಸುತ್ತಮುತ್ತ ಹೋಂಸ್ಟೇ ಬೋರ್ಡುಗಳನ್ನು ನೋಡಿ. ಕ್ಯಾಂಪ್ ಫೈರ್ ಇರುತ್ತೆ, ತೋಟದ ಸುತ್ತಾಟ ಇರುತ್ತೆ, ಅದರ ಕೆಳಗೆ ದಪ್ಪಕ್ಷರದಲ್ಲಿ 'ಆಫ್ ರೋಡ್ ಜೀಪ್ ರೈಡ್' ಅಂತ ಇರುತ್ತೆ. ಆ ಜೀಪು ಹೋಗುವುದು ಯಾವುದೋ ಕಾಡಿನೊಳಗೆ ಅಂದುಕೊಳ್ಳಬೇಡಿ. ನಾವು ರೇಷನ್ ತರೋಕೆ ಹೋಗುವ ದಾರಿಯಲ್ಲೇ ಹೋಗುತ್ತೆ.

ಇದಕ್ಕೆ ಸೀಸನ್ ಅಂದರೆ ಚಳಿಗಾಲ. ಮಳೆಗಾಲದ ನಾಲ್ಕು ತಿಂಗಳು ಇಡೀ ರಸ್ತೆ ಕೆಸರು, ಚಕ್ರಕ್ಕೆ ಚೈನ್ ಕಟ್ಟದೆ ಜೀಪು ಏರು ಹತ್ತಲ್ಲ. ಆ ಕೆಸರಲ್ಲಿ ಟ್ರ್ಯಾಕ್ಟರ್ ಓಡಾಡಿ ಮೊಣಕಾಲುದ್ದ ಚಡಿ ಕೊರೆದಿರುತ್ತೆ, ಅದು ನವೆಂಬರ್ ಬಿಸಿಲಿಗೆ ಒಣಗಿ ಕಲ್ಲಾಗುತ್ತೆ. ಆಮೇಲೆ ಬೆಳಗ್ಗೆ ಮಂಜು, ಮಧ್ಯಾಹ್ನ ಕೆಂಪು ಧೂಳು. ಒಂದು ಸಲ ಚಕ್ರ ಚಡಿಗೆ ಇಳಿದರೆ ಮುಗಿಯಿತು, ಸ್ಟೇರಿಂಗ್ ಬಿಟ್ಟು ಎಲೆ ಅಡಿಕೆ ಹಾಕಿಕೊಳ್ಳಬಹುದು, ಮುಂದಿನದನ್ನು ರಸ್ತೆಯೇ ನೋಡಿಕೊಳ್ಳುತ್ತೆ.

ನಮ್ಮಜ್ಜನ ಕಾಲದಲ್ಲಿ ಇದಕ್ಕೆ ಯಾರೂ ಟಿಕೆಟ್ ಕೊಡುತ್ತಿರಲಿಲ್ಲ. ಅರೇಬಿಕಾ ಕುಯ್ಲು ಶುರುವಾಗುವುದೇ ನವೆಂಬರ್ ಹೊತ್ತಿಗೆ, ಜನವರಿವರೆಗೂ ನಡೆಯುತ್ತೆ. ಅಷ್ಟು ದಿನ ಅಜ್ಜನ ಜೀಪಿಗೆ ಬಿಡುವಿಲ್ಲ. ಹಿಂದೆ ಕಾಫಿ ಮೂಟೆ, ಮೂಟೆ ಮೇಲೆ ನಾವು ಮಕ್ಕಳು, ಮುಂದೆ ಸೆರಗಿನಿಂದ ಮೂಗು ಮುಚ್ಚಿಕೊಂಡ ಅಮ್ಮ, ಅವಳ ತೊಡೆ ಮೇಲೆ ಬುತ್ತಿ ಡಬ್ಬಿ, ಡಬ್ಬಿ ಚೆಲ್ಲದ ಹಾಗೆ ಹಿಡಿದುಕೊಂಡ ಅಜ್ಜಿ. ಮಂಜು ಜಾಸ್ತಿಯಾದರೆ ಲೈಟ್ ಹಾಕಿದರೂ ಬಾನೆಟ್ಟೇ ಕಾಣುತ್ತಿರಲಿಲ್ಲ. ಆಗ ಚಿಕ್ಕಪ್ಪ ಕಂಬಳಿ ಹೊದ್ದು, ಟಾರ್ಚ್ ಹಿಡಿದು ಜೀಪಿನ ಮುಂದೆ ನಡೆಯುತ್ತಿದ್ದರು. ಅಜ್ಜಿಗೆ ಎಲ್ಲ ಗುಂಡಿಗಳ ಹೆಸರೂ ಗೊತ್ತಿತ್ತು. ಹಲಸಿನ ಮರದ ಗುಂಡಿ, ಸಾಬರ ಲಾರಿ ಹೂತ ಗುಂಡಿ, ಬಾಣಂತಿ ಗುಂಡಿ. ಕಡೆಯದರ ಹತ್ತಿರ ಒಂದು ಜನವರಿಯ ಬೆಳಗಿನ ಜಾವ ಜೀಪಿನಲ್ಲೇ ನನ್ನ ಅತ್ತೆಯ ಮಗ ಹುಟ್ಟಿದ. ಆಸ್ಪತ್ರೆ ತಲುಪೋಕೆ ಇನ್ನೂ ಅರ್ಧ ದಾರಿ ಇತ್ತು, ಅವನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಈಗ ಜೀಪಿನ ಹುಡುಗರು ಅಲ್ಲಿ ಗಾಡಿ ನಿಲ್ಲಿಸಿ 'ಅಡ್ವೆಂಚರ್ ಪಾಯಿಂಟ್ ತ್ರೀ' ಅಂತ ತೋರಿಸುತ್ತಾರೆ. ಅತ್ತೆಗೆ ಇದರಲ್ಲಿ ಏನಾದರೂ ರಾಯಲ್ಟಿ ಸಿಗಬೇಕಲ್ವಾ?

ಇಷ್ಟು ವರ್ಷ ರಸ್ತೆ ಯಾಕಾಗಲಿಲ್ಲ ಅಂತ ಕೇಳಬೇಡಿ, ಲೆಕ್ಕ ಇದೆ. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ 2000ದ ಡಿಸೆಂಬರ್ 25ರಂದು ಶುರುವಾಯಿತು. ಒಳ್ಳೆಯ ಯೋಜನೆಯೇ, ಎಷ್ಟೋ ಊರಿಗೆ ಡಾಂಬರು ಕಾಣಿಸಿದ್ದು ಅದೇ. ಆದರೆ ಶುರುವಿನಿಂದಲೂ ನಿಯಮ ಏನೆಂದರೆ, ಬಯಲು ಸೀಮೆಯಾದರೆ ಜನವಸತಿಯಲ್ಲಿ 500 ಜನ ಇರಬೇಕು, ಗುಡ್ಡಗಾಡು ರಾಜ್ಯವಾದರೆ 250 ಸಾಕು. ಗುಡ್ಡಗಾಡು ಅಂದರೆ ಹಿಮಾಚಲ, ಉತ್ತರಾಖಂಡ, ಈಶಾನ್ಯದ ರಾಜ್ಯಗಳು. ಆ ಪಟ್ಟಿಯಲ್ಲಿ ಕರ್ನಾಟಕ ಇಲ್ಲ. ಹಾಗಾಗಿ 1,930 ಮೀಟರಿನ ಮುಳ್ಳಯ್ಯನಗಿರಿಯನ್ನು ತಲೆ ಮೇಲೆ ಹೊತ್ತ ನಮ್ಮ ಜಿಲ್ಲೆಯೂ ಲೆಕ್ಕಕ್ಕೆ ಬಯಲೇ. ಸರಿ, 500 ಜನರನ್ನು ಎಣಿಸೋಣ ಅಂದರೆ ಅಕ್ಕಪಕ್ಕದ ಮನೆಗಳು ಅರ್ಧ ಕಿಲೋಮೀಟರ್ ಒಳಗಿದ್ದರೆ ಮಾತ್ರ ಒಟ್ಟು ಸೇರಿಸಬಹುದು. ಮಲೆನಾಡಲ್ಲಿ ಅರ್ಧ ಕಿಲೋಮೀಟರಿಗೆ ಒಂದು ಮನೆ, ಒಂದು ಕೊಟ್ಟಿಗೆ, ಎರಡು ನಾಯಿ. 500 ಮುಟ್ಟಬೇಕಾದರೆ ತೋಟಕ್ಕೆ ಬರುವ ಕಾಟಿಗಳಿಗೂ ಆಧಾರ್ ಮಾಡಿಸಬೇಕು.

ಕ್ರಿಸ್‌ಮಸ್ ರಜೆಯಲ್ಲಿ ಬಂದು ಎಣಿಸಿದ್ದರೆ ಮಾತ್ರ ಆರಾಮಾಗಿ ದಾಟುತ್ತಿತ್ತು. ಆ ವಾರ ನಮ್ಮಲ್ಲಿ ಊರಿನವರಿಗಿಂತ ಗೆಸ್ಟ್‌ಗಳೇ ಜಾಸ್ತಿ. ಎಲ್ಲರೂ ಬೆಂಗಳೂರಿನವರು. ಮನೆ ಮುಂದೆ ಒಂದು ಗುಂಡಿ ಬಿದ್ದರೆ ಅದರ ಫೋಟೊ ತೆಗೆದು, ಮುಖ್ಯಮಂತ್ರಿಯಿಂದ ಹಿಡಿದು ಎಲ್ಲರನ್ನೂ ಟ್ಯಾಗ್ ಮಾಡಿ, ತೆರಿಗೆ ವಾಪಸ್ ಕೊಡಿ ಅಂತ ಬೈಯುವವರು. ಅವರೇ ಇನ್ನೂರೈವತ್ತು ಕಿಲೋಮೀಟರ್ ಹತ್ತಿರ ಕಾರು ಓಡಿಸಿಕೊಂಡು ಬಂದು, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಇಲ್ಲಿ ದುಡ್ಡು ಕೊಟ್ಟು ಗುಂಡಿಗೆ ಬೀಳುತ್ತಾರೆ. ಬೆಂಗಳೂರಲ್ಲಿ ಬಿದ್ದರೆ ಸುದ್ದಿ, ಮೂಡಿಗೆರೆಯಲ್ಲಿ ಬಿದ್ದರೆ ಪ್ಯಾಕೇಜ್. ಹೋದ ಚಳಿಗಾಲ ಅಮ್ಮ ಗ್ಯಾಸ್ ಸಿಲಿಂಡರ್ ಇಟ್ಟುಕೊಂಡು ಪಿಕಪ್ಪಿನಲ್ಲಿ ಬರುತ್ತಿದ್ದಳು. ಎದುರಿಗೆ ಸಿಕ್ಕ ಜೀಪಿನಿಂದ ಒಬ್ಬ ಹುಡುಗ, ಮೈಯೆಲ್ಲ ಧೂಳು, ಮುಖದ ತುಂಬ ಖುಷಿ, "ಆಂಟಿ, ನೀವು ಎಷ್ಟು ಲಕ್ಕಿ, ದಿನಾ ಈ ರೋಡಲ್ಲಿ ಓಡಾಡ್ತೀರಲ್ಲ" ಅಂದ. ಅಮ್ಮ, "ಹೌದಪ್ಪ, ಅದೂ ಫ್ರೀಯಾಗಿ" ಅಂದಳು.

ಇದರಲ್ಲಿ ಗೆಸ್ಟ್‌ಗಳದ್ದು ತಪ್ಪು ಅಂತ ನಾನು ಹೇಳಲ್ಲ. ಗಮ್ಮತ್ತು ಇರುವುದು ಊರಿನೊಳಗೆ. ಒಂದು ಕಾಲದಲ್ಲಿ ಟಾರ್ಚ್ ಹಿಡಿದು ಜೀಪಿನ ಮುಂದೆ ನಡೆದ ಅದೇ ಚಿಕ್ಕಪ್ಪ ಈಗ ಹೋಂಸ್ಟೇ ಮಾಡಿದ್ದಾರೆ. ಡಾಂಬರು ಅನ್ನೋ ಮಾತು ಕೇಳಿದರೆ ಅವರಿಗೆ ಬಿಪಿ ಏರುತ್ತೆ. "ರಸ್ತೆ ಆದರೆ ನಮ್ಮಲ್ಲಿ ನೋಡೋಕೆ ಏನಿದೆ? ಮಂಜು ಎಲ್ಲಾ ಕಡೆ ಇದೆ" ಅನ್ನುತ್ತಾರೆ. ಓಟಿನ ಹೊತ್ತಿಗೆ ಊರಿನವರು ಯಥಾಪ್ರಕಾರ 'ರಸ್ತೆ ಇಲ್ಲ, ಮತವೂ ಇಲ್ಲ' ಅಂತ ಬ್ಯಾನರ್ ಕಟ್ಟಿದರು. ಬ್ಯಾನರಿಗೆ ಹಗ್ಗ ಕೊಟ್ಟವರು ಚಿಕ್ಕಪ್ಪ, ಯಾಕೆಂದರೆ ಊರಿನ ಒಗ್ಗಟ್ಟು ಮುಖ್ಯ. ಮಾರನೇ ವಾರ ಪಂಚಾಯ್ತಿಯವರು ಎರಡು ಲೋಡ್ ಜಲ್ಲಿ ತಂದು ಸುರಿದರು. ಅದು ರಾತ್ರೋರಾತ್ರಿ ಅಡ್ವೆಂಚರ್ ಪಾಯಿಂಟ್ ತ್ರೀಯಿಂದ ಮಾಯವಾಗಿ ಚಿಕ್ಕಪ್ಪನ ಪಾರ್ಕಿಂಗ್ ಜಾಗದಲ್ಲಿ ಪ್ರತ್ಯಕ್ಷವಾಯಿತು. ಗೆಸ್ಟ್‌ಗಳ ಕಾರಿಗೆ ಮಾತ್ರ ಜಲ್ಲಿ ಹಾಸಿದ ನೆಲವೇ ಬೇಕಂತೆ, ಇಲ್ಲದಿದ್ದರೆ ಅಡಿ ತಾಗುತ್ತೆ.

ಈಗ ಕಚೇರಿಯಲ್ಲಿ ಎರಡು ಅರ್ಜಿ ಇವೆ. ರಸ್ತೆ ಮಾಡಿ ಅಂತ ಒಂದು, ಇದ್ದ ಹಾಗೇ ಬಿಡಿ ಅಂತ ಇನ್ನೊಂದು. ಎರಡಕ್ಕೂ ಸಹಿ ಹಾಕಿದವರು ಹೆಚ್ಚುಕಮ್ಮಿ ಅವರವರೇ. ಎರಡಕ್ಕೂ ಒಂದೇ ಉತ್ತರ ಬಂದಿದೆ: ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು. ನನ್ನ ಕೇಳಿದರೆ ಎರಡನೆಯದು ಆಗಲೇ ಮಂಜೂರಾಗಿದೆ, ಕಾಮಗಾರಿಯೂ ನಿರಂತರವಾಗಿ ನಡೆಯುತ್ತಿದೆ.

108 ಆಂಬುಲೆನ್ಸ್ ಇವತ್ತಿಗೂ ಮೇನ್ ರೋಡಿನಲ್ಲೇ ನಿಲ್ಲುತ್ತೆ. ಅಲ್ಲಿವರೆಗೆ ರೋಗಿಯನ್ನು ತಲುಪಿಸುವುದು ನಮ್ಮ ಕೆಲಸ. ಹೊಸ ವರ್ಷದ ಹಿಂದಿನ ದಿನ ಪಕ್ಕದ ಮನೆಯ ಅಜ್ಜಿಗೆ ಎದೆನೋವು ಬಂತು. ಫೋನ್ ಮಾಡಿದರೆ ಊರಿನ ಎಲ್ಲ ಜೀಪೂ ಬುಕ್. ಕಡೆಗೆ ರೈಡಿಗೆ ಹೊರಟಿದ್ದ ಒಂದು ಜೀಪನ್ನು ಅಡ್ಡಹಾಕಿ, ಗೆಸ್ಟ್‌ಗಳ ನಡುವೆಯೇ ಅಜ್ಜಿಯನ್ನು ಒರಗಿಸಿ ಕೂರಿಸಿ ಕಳಿಸಿದೆವು. ಆ ಹುಡುಗರು ಪಾಪ ಒಳ್ಳೆಯವರು, ದಾರಿಯುದ್ದಕ್ಕೂ ಅಜ್ಜಿಯ ಕೈ ಹಿಡಿದುಕೊಂಡಿದ್ದರಂತೆ, ಮೇನ್ ರೋಡಿನಲ್ಲಿ ತಾವೇ ಎತ್ತಿ ಸ್ಟ್ರೆಚರಿಗೆ ಹಾಕಿದರಂತೆ. ಅಜ್ಜಿ ಈಗ ಹುಷಾರಾಗಿದ್ದಾರೆ. ಹುಡುಗರು ಊರಿಗೆ ಹೋಗಿ ಚಿಕ್ಕಪ್ಪನ ಹೋಂಸ್ಟೇಗೆ ಐದು ಸ್ಟಾರ್ ಕೊಟ್ಟು, 'ನಿಜವಾದ ಹಳ್ಳಿ ಜೀವನದ ಅನುಭವ' ಅಂತ ಬರೆದಿದ್ದಾರೆ. ಅದನ್ನು ಓದಿದ ಇನ್ನೊಂದು ತಂಡ ಮೊನ್ನೆ ಫೋನ್ ಮಾಡಿತ್ತು. ಅಜ್ಜಿ ಇರೋ ರೈಡಿಗೆ ರೇಟ್ ಎಷ್ಟು ಅಂತ ಕೇಳಿದರು. ಚಿಕ್ಕಪ್ಪ ವಿಚಾರಿಸಿ ಹೇಳ್ತೀನಿ ಅಂದಿದ್ದಾರೆ.