ಕ್ಲೌಡ್‌ಗೆ ದುಡ್ಡು ಸುರಿಯುವ ಮೊದಲು ಹೈಪರ್-ವಿ ಆನ್ ಮಾಡಿ

ಕುಬರ್ನೆಟೀಸ್ (ಕಂಟೇನರ್ ಅನ್ನುವ ಪೊಟ್ಟಣಗಳಲ್ಲಿರುವ ಆ್ಯಪ್‌ಗಳನ್ನು ಹಲವು ಮೆಷಿನ್‌ಗಳಲ್ಲಿ ಓಡಿಸಿ ನೋಡಿಕೊಳ್ಳುವ ಸಾಫ್ಟ್‌ವೇರ್) ಕಲಿಯಬೇಕು ಅಂದ ತಕ್ಷಣ ಎಲ್ಲರೂ ಕೊಡುವ ಸಲಹೆ, ಕ್ಲೌಡ್‌ನಲ್ಲಿ ಒಂದು ಅಕೌಂಟ್ ತೆರೆಯಿರಿ ಅಂತ. ನನಗಿದು ಒಪ್ಪಿಗೆ ಇಲ್ಲ. ಕಲಿಯುವವರಿಗೆ ಬೇಕಿರುವುದು ಮನಸ್ಸು ಬಂದಾಗೆಲ್ಲ ಕೆಡಿಸಿ ನೋಡಬಹುದಾದ ಕ್ಲಸ್ಟರ್, ಅಂದರೆ ಒಟ್ಟಾಗಿ ಕೆಲಸ ಮಾಡುವ ಮೆಷಿನ್‌ಗಳ ಗುಂಪು. ಗಂಟೆ ಲೆಕ್ಕದಲ್ಲಿ ಬಿಲ್ ಏರುತ್ತಿದ್ದರೆ ಕೆಡಿಸುವ ಧೈರ್ಯ ಯಾರಿಗಿರುತ್ತದೆ ಹೇಳಿ?

ನಿಮ್ಮ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ 10 ಅಥವಾ 11 ಪ್ರೊ ಇದ್ದರೆ ಒಂದೇ ಕಂಪ್ಯೂಟರ್ ಒಳಗೆ ಹಲವು ವರ್ಚುವಲ್ ಮೆಷಿನ್ ಓಡಿಸುವ ಹೈಪರ್-ವಿ ಅದರ ಜೊತೆಗೇ ಬಂದಿರುತ್ತದೆ. ವಿಂಡೋಸ್ ಫೀಚರ್ಸ್‌ನಲ್ಲಿ ಟಿಕ್ ಹಾಕಿ ರೀಸ್ಟಾರ್ಟ್ ಮಾಡಿದರೆ ಮುಗಿಯಿತು. ಅದಕ್ಕೂ ಮೊದಲು ಟಾಸ್ಕ್ ಮ್ಯಾನೇಜರ್‌ನ ಸಿಪಿಯು ಪುಟದಲ್ಲಿ ವರ್ಚುವಲೈಸೇಶನ್ ಎನೇಬಲ್ಡ್ ಅಂತ ಇದೆಯಾ ನೋಡಿಕೊಳ್ಳಿ, ಇಲ್ಲದಿದ್ದರೆ ಬಯಾಸ್‌ಗೆ ಹೋಗಿ ಆನ್ ಮಾಡಬೇಕು. ಹೋಮ್ ಆವೃತ್ತಿಗೆ ಮಾತ್ರ ಮೈಕ್ರೋಸಾಫ್ಟ್ ಇದನ್ನು ಕೊಟ್ಟಿಲ್ಲ. ಕಲಿಯುವ ಹುಡುಗರ ಹತ್ತಿರ ಜಾಸ್ತಿ ಇರುವುದೇ ಹೋಮ್, ಅಲ್ವಾ! ಅವರು ಡಬ್ಲ್ಯೂಎಸ್‌ಎಲ್ 2 (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಸೌಲಭ್ಯ) ಒಳಗೆ ಕಂಟೇನರ್ ಓಡಿಸುವ ಡಾಕರ್ ಹಾಕಿಕೊಂಡು, ಅದರ ಮೇಲೆ ಕುಬರ್ನೆಟೀಸ್ ಕ್ಲಸ್ಟರ್ ಕಟ್ಟುವ ಕೈಂಡ್ ಅನ್ನುವ ಟೂಲ್ ಓಡಿಸಬಹುದು. ಲಿನಕ್ಸ್‌ನವರಿಗೆ ಈ ತಲೆನೋವೇ ಇಲ್ಲ, ಹೈಪರ್-ವಿ ಮಾಡುವ ಕೆಲಸವನ್ನೇ ಮಾಡುವ ಕೆವಿಎಂ 2007ರಿಂದ ಕರ್ನಲ್‌ನಲ್ಲೇ (ಲಿನಕ್ಸ್‌ನ ತಿರುಳಿನಲ್ಲೇ) ಇದೆ.

ಇನ್ನು ಮಿನಿಕ್ಯೂಬ್, ನಿಮ್ಮ ಕಂಪ್ಯೂಟರ್‌ನಲ್ಲೇ ಕುಬರ್ನೆಟೀಸ್ ಕ್ಲಸ್ಟರ್ ಕಟ್ಟಿಕೊಡುವ ಟೂಲ್. ಪವರ್‌ಶೆಲ್ ಅನ್ನು ಅಡ್ಮಿನ್ ಆಗಿ ತೆರೆದು, ಡ್ರೈವರ್ ಹೈಪರ್-ವಿ, ನೋಡ್ (ಕ್ಲಸ್ಟರ್‌ನ ಒಂದೊಂದು ಮೆಷಿನ್) 3 ಅಂತ ಕೊಟ್ಟು ಅದನ್ನು ಸ್ಟಾರ್ಟ್ ಮಾಡಿ. 16 ಜಿಬಿ ರ್ಯಾಮ್ ಇದ್ದರೆ ಆರಾಮಾಗಿ ಓಡುತ್ತದೆ, 8 ಇದ್ದರೆ ಒಂದೇ ನೋಡ್ ಸಾಕು. ಸ್ವಲ್ಪ ಹೊತ್ತಿನಲ್ಲಿ ಹೈಪರ್-ವಿ ಮ್ಯಾನೇಜರ್‌ನಲ್ಲಿ ಮೂರು ಮೆಷಿನ್ ಸಾಲಾಗಿ ಕಾಣಿಸುತ್ತವೆ. ನಾಲ್ಕೈದು ಪಾಡ್ (ಕಂಟೇನರ್ ಓಡುವ ಚಿಕ್ಕ ಘಟಕ) ಇರುವ ಒಂದು ಡಿಪ್ಲಾಯ್‌ಮೆಂಟ್ ಹಾಕಿ, ಅಂದರೆ ಇಷ್ಟು ಪಾಡ್ ಸದಾ ಓಡುತ್ತಿರಲಿ ಅನ್ನುವ ಸೂಚನೆ. ಆಮೇಲೆ ಹೆಸರಿನ ಕೊನೆಗೆ ಎಂ02 ಅಂತ ಇರುವ ಎರಡನೇ ನೋಡ್ ಮೇಲೆ ರೈಟ್ ಕ್ಲಿಕ್ ಮಾಡಿ ಸುಮ್ನೆ ಟರ್ನ್ ಆಫ್ ಕೊಡಿ, ಪ್ಲಗ್ ಕಿತ್ತ ಹಾಗೆ.

ಈಗ ನೋಡಿ ಮಜಾ. ಒಂದು ನಿಮಿಷದೊಳಗೆ ಆ ನೋಡ್ 'ನಾಟ್ ರೆಡಿ' ಆಗುತ್ತದೆ. ಆದರೆ ಅದರ ಮೇಲಿದ್ದ ಪಾಡ್‌ಗಳು ಇನ್ನೂ 'ರನ್ನಿಂಗ್' ಅಂತಲೇ ತೋರಿಸುತ್ತಿರುತ್ತವೆ! ಮೆಷಿನ್ನೇ ಇಲ್ಲ, ಪಾಡ್ ಎಲ್ಲಿ ಓಡುತ್ತದೆ? ಕುಬರ್ನೆಟೀಸ್ ಡೀಫಾಲ್ಟ್ ಆಗಿ 300 ಸೆಕೆಂಡ್ ಕಾಯುತ್ತದೆ, ನೋಡ್ ವಾಪಸ್ ಬರಬಹುದು ಅಂತ. ಅದಾದ ಮೇಲೆಯೇ ಹಳೆಯವು 'ಟರ್ಮಿನೇಟಿಂಗ್' ಆಗಿ, ಉಳಿದ ನೋಡ್‌ಗಳಲ್ಲಿ ಹೊಸ ಪಾಡ್ ಏಳುತ್ತವೆ. ಆ ಐದು ನಿಮಿಷ ಕಣ್ಣಾರೆ ನೋಡಿದವರು ಟಾಲರೇಶನ್ (ಕೆಟ್ಟ ನೋಡ್ ಅನ್ನು ಪಾಡ್ ಎಷ್ಟು ಹೊತ್ತು ಸಹಿಸಬೇಕು ಅನ್ನುವ ಸೆಟ್ಟಿಂಗ್) ಅಂದರೇನು ಅಂತ ಇನ್ನೊಬ್ಬರನ್ನು ಕೇಳಬೇಕಾಗಿಲ್ಲ.

ಮಿನಿಕ್ಯೂಬ್‌ಗೆ ಹೈಪರ್-ವಿ ಬದಲು ಡಾಕರ್ ಡ್ರೈವರ್ ಕೊಟ್ಟೂ ಇದನ್ನೇ ಮಾಡಬಹುದು, ಬೇಗವೂ ಆಗುತ್ತದೆ. ಆದರೆ ಅಲ್ಲಿ ನೋಡ್ ಅನ್ನುವುದೇ ಇನ್ನೊಂದು ಕಂಟೇನರ್. ಹೈಪರ್-ವಿಯಲ್ಲಿ ಪ್ರತಿ ನೋಡ್‌ಗೂ ತನ್ನದೇ ಕರ್ನಲ್, ತನ್ನದೇ ಡಿಸ್ಕ್. ನನಗೆ ಇದೇ ಇಷ್ಟ, ಸ್ವಲ್ಪ ನಿಧಾನ ಆದರೂ.

ಬೈಯಬೇಕಾದದ್ದು ಒಂದೇ, ಮೆಷಿನ್‌ಗಳನ್ನು ನೆಟ್‌ವರ್ಕ್‌ಗೆ ಸೇರಿಸುವ ಹೈಪರ್-ವಿಯ ಆ ಡೀಫಾಲ್ಟ್ ಸ್ವಿಚ್. ಕಂಪ್ಯೂಟರ್ ರೀಸ್ಟಾರ್ಟ್ ಆದರೆ ಅದರ ಐಪಿ ರೇಂಜ್ ಬದಲಾಗಿಬಿಡುತ್ತದೆ, ನಿನ್ನೆ ಚೆನ್ನಾಗಿದ್ದ ಕ್ಲಸ್ಟರ್ ಇವತ್ತು ಮುನಿಸಿಕೊಂಡು ಕೂರುತ್ತದೆ. ವರ್ಚುವಲ್ ಸ್ವಿಚ್ ಮ್ಯಾನೇಜರ್‌ನಲ್ಲಿ ಎಕ್ಸ್‌ಟರ್ನಲ್ ಸ್ವಿಚ್ ಒಂದನ್ನು ಮಾಡಿಕೊಂಡು ಅದರ ಹೆಸರನ್ನು ಮಿನಿಕ್ಯೂಬ್‌ಗೆ ಕೊಡಿ. ಆಗ ಐಪಿ ನಿಮ್ಮ ರೂಟರ್‌ನಿಂದಲೇ ಬರುತ್ತದೆ, ಅಲ್ಲೇ ರಿಸರ್ವ್ ಮಾಡಿಟ್ಟರೆ ಬದಲಾಗುವುದಿಲ್ಲ.

ಹೊರಗಿನ ಕೋರಿಕೆಗಳನ್ನು ಪಾಡ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಐಪಿ ಸಿಗದೆ 'ಪೆಂಡಿಂಗ್' ಅಂತ ನಿಂತರೆ, ಅದನ್ನು ಕೊಡಿಸಲು ಮಿನಿಕ್ಯೂಬ್ ಟನಲ್ ಅನ್ನುವ ಕಮಾಂಡ್ ಇದೆ. ಬೇಕಾದಾಗ ನೋಡ್‌ಗಳು ತಾವಾಗಿಯೇ ಹೆಚ್ಚಾಗುವುದನ್ನು ಮಾತ್ರ ಮನೆಯಲ್ಲಿ ನೋಡಲು ಆಗುವುದಿಲ್ಲ. ಅದಕ್ಕೆ ಕ್ಲೌಡ್‌ಗೆ ಹೋಗಿ, ಬಜೆಟ್ ಅಲರ್ಟ್ ಮೊದಲು ಹಾಕಿಕೊಂಡು.