ಆ ಫೈಲ್ ಡಿಲೀಟ್ ಮಾಡಿದ್ರೆ ಸರಿಹೋಗುತ್ತಂತೆ!

ನಿನ್ನೆ ಸಂಜೆಯಿಂದ ತಲೆ ಕೆಟ್ಟಿದೆ. ಕಾಫಿ ರೇಟು, ಆನೆ ಕಾಟ ಅಂತ ಬರೆಯುತ್ತಿದ್ದವನು ಇವತ್ತು ಜಾವಾ (ಪ್ರೋಗ್ರಾಂ ಬರೆಯೋ ಭಾಷೆ) ಹಿಡಿದು ಕೂತಿದ್ದೇನೆ. ಬೇಡದವರು ಮುಂದೆ ಹೋಗಿ.

ಅಕ್ಕನ ಮಗಳು ರಜೆಗೆ ಸೋಮವಾರಪೇಟೆಗೆ ಬಂದಿದ್ದಾಳೆ. ಬಿಸಿಎ ಎರಡನೇ ವರ್ಷ. ಆರುನೂರು ಚಿಲ್ಲರೆ ಪುಟದ ಜಾವಾ ಪುಸ್ತಕ ಮುಗಿಸಿ, ಅಜ್ಜನ ತೋಟದ ಲೆಕ್ಕಕ್ಕೆ ಪ್ರೋಗ್ರಾಂ ಬರೆಯುತ್ತಿದ್ದಾಳೆ. ಅಪ್ಪ ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ) ಬರೆದಿಟ್ಟ ಮಳೆ ಡೈರಿ, ಕೂಲಿಯ ಚೆಕ್‌ರೋಲ್, ಕಾಫಿ ಮೂಟೆ ಲೆಕ್ಕ, ಎಲ್ಲ ಅದರೊಳಗೆ. ನೋಡಿ ಖುಷಿಯೇ ಆಯಿತು.

ಆಮೇಲೆ ಕೆಂಪು ಗೆರೆ ಬಂತು. ಡೇಟಾಬೇಸ್‌ಗೆ ಕೈ ಹಾಕಿದ ಸಾಲಿನಲ್ಲೇ ಕಂಪೈಲರ್ (ಬರೆದದ್ದನ್ನು ಕಂಪ್ಯೂಟರಿಗೆ ಅರ್ಥವಾಗುವ ಹಾಗೆ ಮಾಡಿಕೊಡೋ ಸಾಫ್ಟ್‌ವೇರ್) ತಕರಾರು: ಡೇಟಾಬೇಸ್ ಸಾಮಾನಿನ ಕಟ್ಟು, ಅಂದರೆ ಜಾವಾ ಡಾಟ್ ಎಸ್‌ಕ್ಯೂಎಲ್ ಪ್ಯಾಕೇಜ್, ಕಾಣಿಸುತ್ತಿಲ್ಲ. ಪುಸ್ತಕದಲ್ಲಿದ್ದ ಹಾಗೇ ಚಾಚೂ ತಪ್ಪದೆ ಬರೆದಿದ್ದಳು. ಮೆಟ್ಟಿಲ ಮೂಲೆಗೆ ಹೋಗಿ (ನಮ್ಮನೆಯಲ್ಲಿ ಎರಡು ಕಡ್ಡಿ ನೆಟ್‌ವರ್ಕ್ ಸಿಗೋದು ಅಲ್ಲಿ ಮಾತ್ರ) ಮೊಬೈಲಲ್ಲಿ ಹುಡುಕಿಕೊಂಡು ಬಂದಳು.

"ಮಾಮ, ಸರಿಯಾಯ್ತು! ಮಾಡ್ಯೂಲ್-ಇನ್ಫೋ ಅಂತ ಒಂದು ಫೈಲ್ ಇತ್ತು. ಡಿಲೀಟ್ ಮಾಡಿದೆ."

"ಅದು ಏನು ಫೈಲು?"

"ಗೊತ್ತಿಲ್ಲ. ಪುಸ್ತಕದಲ್ಲಿ ಇಲ್ಲ."

ನನ್ನ ಸಿಟ್ಟೆಲ್ಲ ಈ 'ಪುಸ್ತಕದಲ್ಲಿ ಇಲ್ಲ'ದ ಮೇಲೆ. ತೆಗೆದು ನೋಡಿದೆ. ರಕ್ಷಾಪುಟದ ಮೇಲೆ ಪರಿಷ್ಕೃತ ಆವೃತ್ತಿ ಅಂತ ದಪ್ಪಕ್ಷರ. ಒಳಗೆ, ಬ್ರೌಸರ್‌ಗಳು ಯಾವತ್ತೋ ಕೈಬಿಟ್ಟ ಆಪ್ಲೆಟ್‌ಗೆ (ವೆಬ್ ಪುಟದೊಳಗೆ ಓಡುತ್ತಿದ್ದ ಪುಟ್ಟ ಪ್ರೋಗ್ರಾಂ) ಇಡೀ ಒಂದು ಅಧ್ಯಾಯ! ಉದಾಹರಣೆಗಳೂ ಹಳೇವೇ: ಪ್ರಾಣಿ ಅನ್ನೋ ಕ್ಲಾಸು (ಪ್ರೋಗ್ರಾಮಿನ ಒಂದು ಅಚ್ಚು), ಅದರಿಂದ ನಾಯಿ, ನಾಯಿ ಬೊಗಳುತ್ತೆ. ಇಪ್ಪತ್ತು ವರ್ಷದ ಹಿಂದೆ ನಾನು ಕಲಿಯುವಾಗಲೂ ಇದೇ ನಾಯಿ ಬೊಗಳುತ್ತಿತ್ತು. ಆದರೆ ಮಕ್ಕಳು ಹೊಸ ಪ್ರಾಜೆಕ್ಟ್ ತೆರೆದಾಗ ಸಾಫ್ಟ್‌ವೇರ್ ತಾನಾಗಿಯೇ ಮಾಡಿಕೊಡುವ ಆ ಫೈಲಿನ ಬಗ್ಗೆ ಒಂದೇ ಒಂದು ಸಾಲಿಲ್ಲ.

ಈ ಮಾಡ್ಯೂಲ್ ಅನ್ನೋದೇನು ನಿನ್ನೆ ಮೊನ್ನೆ ಬಂದಿದ್ದಾ? ಜಿಗ್‌ಸಾ ಅನ್ನೋ ಹೆಸರಲ್ಲಿ ಕೆಲಸ ಶುರುವಾಗಿದ್ದು 2008ರಲ್ಲಿ. ಎಳೆದಾಡಿ ಎಳೆದಾಡಿ 2017ರ ಸೆಪ್ಟೆಂಬರ್‌ನಲ್ಲಿ ಜಾವಾ 9 ಜೊತೆ ಬಂತು. ಅಲ್ಲಿಯವರೆಗೆ ಆರ್‌ಟಿ ಡಾಟ್ ಜಾರ್ ಅನ್ನೋ ಒಂದೇ ದೊಡ್ಡ ಮೂಟೆಯಲ್ಲಿದ್ದ ಜಾವಾವನ್ನು ಬಿಚ್ಚಿ ಸಣ್ಣ ಸಣ್ಣ ಮಾಡ್ಯೂಲ್ ಮಾಡಿದರು. ಜಾವಾ ಡಾಟ್ ಬೇಸ್ ಕೇಳದೆಯೇ ಸಿಗುತ್ತೆ. ಡೇಟಾಬೇಸ್ ಸಾಮಾನು ಬೇಕಿದ್ದರೆ ಆ ಫೈಲಿನಲ್ಲಿ 'ರಿಕ್ವೈರ್ಸ್' ಅಂತ ಬರೆದು ಕೇಳಬೇಕು. ಒಂದು ಸಾಲು. ಆರುನೂರು ಪುಟದಲ್ಲಿ ಅದಕ್ಕೆ ಜಾಗ ಸಿಗಲಿಲ್ಲ, ಪಾಪ.

ರಾತ್ರಿ ಬೆಂಗಳೂರಿನ ಹಳೇ ಸಹೋದ್ಯೋಗಿಗೆ ಫೋನ್ ಮಾಡಿ ಗೊಣಗಿದೆ. "ಲೋ, ಫಾರ್ ಲೂಪೇ ನೆಟ್ಟಗೆ ಬರದವರಿಗೆ ಮಾಡ್ಯೂಲ್ ಯಾಕೋ? ನಮ್ಮ ಆಫೀಸಲ್ಲೇ ಎಲ್ಲ ಕ್ಲಾಸ್‌ಪಾತ್ ಮೇಲೆ ಓಡ್ತಿದೆ" ಅಂದ. ಕ್ಲಾಸ್‌ಪಾತ್ ಅಂದರೆ ಆ ಫೈಲ್ ಇಲ್ಲದೆ ಓಡಿಸೋ ಹಳೇ ದಾರಿ. ಸರಿ, ಓಡ್ತಿದೆ, ಒಪ್ಪಿದೆ. ಹೊಸಬರಿಗೆ ಭಾರ ಹೊರಿಸಬಾರದು ಅನ್ನೋದೇ ಇವರ ಕಾಳಜಿಯಾದರೆ, ಪ್ರೋಗ್ರಾಂ ಶುರುವಾಗೋ ಜಾಗದಲ್ಲಿ ಬರೆಯೋ 'ಪಬ್ಲಿಕ್ ಸ್ಟಾಟಿಕ್ ವಾಯ್ಡ್ ಮೇನ್' ಅನ್ನೋ ಮಂತ್ರವನ್ನು ಮೊದಲ ದಿನವೇ ಬಾಯಿಪಾಠ ಮಾಡಿಸೋದ್ಯಾಕೆ? 2025ರಲ್ಲಿ ಬಂದ ಜಾವಾ 25ರಲ್ಲಿ ಆ ಮಂತ್ರವೇ ಕಡ್ಡಾಯವಲ್ಲ. ಕ್ಲಾಸ್ ಹೆಸರಿಲ್ಲದೆ ಬರೀ ಮೇನ್ ಬರೆದರೂ ಓಡುತ್ತೆ. ಭಾಷೆ ಮಾಡಿದವರೇ ಹೊಸಬರಿಗಾಗಿ ಬಗ್ಗಿದ್ದಾರೆ. ಪುಸ್ತಕದವರ ನಾಯಿ ಮಾತ್ರ ಕೂತ ಜಾಗ ಬಿಟ್ಟು ಏಳಲ್ಲ.

ಇಷ್ಟು ಹಾರಾಡುತ್ತಿದ್ದೀನಲ್ಲ, ಒಂದು ವಿಷಯ ಹೇಳಿಬಿಡುತ್ತೇನೆ. ತೋಟಕ್ಕೆ ವಾಪಸ್ ಬರುವ ಮೊದಲು, 2018ರಲ್ಲಿ, ನಾನೂ ಅದೇ ಫೈಲ್ ಡಿಲೀಟ್ ಮಾಡಿದ್ದೆ. ಹುಡುಗಿಯಾದರೂ ಗೊತ್ತಿಲ್ಲ ಅಂದಳು. ನಾನು ಮೀಟಿಂಗ್‌ನಲ್ಲಿ "ನಮಗೆ ಮಾಡ್ಯೂಲ್ ಅಗತ್ಯ ಇಲ್ಲ" ಅಂತ ಗಂಭೀರವಾಗಿ ಹೇಳಿ ತಪ್ಪಿಸಿಕೊಂಡಿದ್ದೆ. ನಿಜ ಏನೆಂದರೆ ಅರ್ಥವಾಗಿರಲಿಲ್ಲ. ನಾನು ಓದಿದ ಪುಸ್ತಕದಲ್ಲೂ ಇರಲಿಲ್ಲ.

ಇವತ್ತು ಬೆಳಿಗ್ಗೆ ಇಬ್ಬರೂ ಕೂತೆವು. ಫೈಲ್ ವಾಪಸ್ ತಂದೆವು, ಆ ಒಂದು ಸಾಲು ಸೇರಿಸಿದೆವು. ಕೆಂಪು ಗೆರೆ ಮಾಯ. "ಇಷ್ಟೇನಾ ಮಾಮ?" ಅಂದಳು. ಆಮೇಲೆ ಒಂದೇ ಫೈಲಿನಲ್ಲಿ ತುರುಕಿದ್ದನ್ನು ಮಳೆ, ಕೂಲಿ, ಮೂಟೆ ಅಂತ ಮೂರು ಮಾಡ್ಯೂಲ್ ಮಾಡಿದೆವು. 'ಎಕ್ಸ್‌ಪೋರ್ಟ್ಸ್' ಅಂದರೆ ಜಗಲಿ ಅಂದೆ. ಬಂದವರು ಅಲ್ಲೇ ಕೂರಬೇಕು. ಒಳಗೆ ಕ್ಲಾಸಿಗೆ ಪಬ್ಲಿಕ್ ಅಂತ ಬರೆದಿದ್ದರೂ ಸರಿ, ಎಕ್ಸ್‌ಪೋರ್ಟ್ ಮಾಡದ ಪ್ಯಾಕೇಜ್ ಅಡುಗೆಮನೆ ಇದ್ದ ಹಾಗೆ, ಹೊರಗಿನವರಿಗೆ ಪ್ರವೇಶವಿಲ್ಲ.

ಜೋರು ಮಳೆಯ ದಿನ ಅರ್ಧ ದಿನದ ಕೆಲಸ, ಹಾಗಾಗಿ ಕೂಲಿ ಲೆಕ್ಕಕ್ಕೆ ಮಳೆ ಬೇಕು. ಇವಳು ಮಳೆ ವರದಿಯಲ್ಲಿ ಅವತ್ತು ಬಂದ ಆಳುಗಳ ಸಂಖ್ಯೆಯೂ ಇರಲಿ ಅಂತ ಮಳೆಗೆ ಕೂಲಿಯನ್ನೂ ಜೋಡಿಸಿದಳು. ಕಂಪೈಲರ್ ಒಪ್ಪಲಿಲ್ಲ. ಮಾಡ್ಯೂಲ್‌ಗಳು ಹೀಗೆ ಸುತ್ತಿಕೊಂಡರೆ ಅದು ಬಿಡೋದಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಸ್ಕ್ರೀನ್ ನೋಡಿದಳು.

"ಮಳೆಗೆ ಕೂಲಿ ಲೆಕ್ಕ ಯಾಕೆ ಬೇಕು, ಅಲ್ವಾ ಮಾಮ? ಯಾರು ಬಂದ್ರೂ ಬರದಿದ್ರೂ ಅದು ಸುರಿಯುತ್ತೆ."

ನಾನು ಇನ್ನೂ ಬಾಯಿ ತೆರೆದಿರಲಿಲ್ಲ. ಅಷ್ಟರಲ್ಲಿ ಅಪ್ಪ ಕನ್ನಡಕ ಏರಿಸಿಕೊಂಡು ಬಂದು ಅವಳ ಹಿಂದೆ ನಿಂತರು. "ನಿನ್ನೆದು ಎರಡು ಇಂಚು ನಲವತ್ತು ಸೆಂಟು. ಹಾಕಿದ್ಯಾ ಪುಟ್ಟಿ?"